ಎರಡು ಕಣ್ಣಿನ ಪೆಟ್ಟಿಗೆ: ಎಡ ಅಂಗೈ

“ನಾ ಕೇಳಿದ್ದು ನೆಗೆಟಿವ್. ನೀ ಕೊಡಾಕತ್ತಿದ್ದು ಚಾ.”

ಸಬ್‌ಇನ್ಸ್‌ಪೆಕ್ಟರ್ ಪದ್ಮಶ್ರೀ ಲಾಠಿಯನ್ನು ಕೌಂಟರಿನ ಮೇಲೆ ಇಟ್ಟಳು. ಇಟ್ಟಳು ಎನ್ನುವುದು ಮರ್ಯಾದೆಯ ಮಾತು. ಗಾಜಿನ ಕೆಳಗೆ ಸಾಲಾಗಿ ಕೂತಿದ್ದ ಕ್ಯಾಮೆರಾಗಳು ಒಮ್ಮೆಲೇ ಬೆಚ್ಚಿದವು.

“ಒಣಗ್ಲಿಕ್ಕೆ ಹಾಕಿದ್ದೆ ಮೇಡಂ,” ಎಂದ ವಿಕಾಸ. “ಇಲಿ ಒಯ್ದದ.”

“ಹ್ವಾದ ವಾರ ಗಾಳಿಗಿ ಹಾರಿತ್ತು. ಈ ವಾರ ಇಲಿ. ಮುಂದಿನ ವಾರ ಏನು, ಆನಿ ಬರ್ತೈತೇನು?”

ವಿಕಾಸ ನಕ್ಕ. ನಗು ಅವನ ಅಂಗಡಿಯ ಸಾಮಾನುಗಳಲ್ಲಿ ಒಂದು. ಉಳಿದವೆಲ್ಲ ಜಪಾನಿನ ಹಳೆಯ ಫಿಲ್ಮ್ ಕ್ಯಾಮೆರಾಗಳು. ಒಂದೊಂದಕ್ಕೂ ಎರಡೆರಡು ಕಣ್ಣು, ಒಂದರ ಮೇಲೊಂದು. ಬಾಗಿಲು ಹಾಕಿದ ಸ್ಟುಡಿಯೊಗಳ ಅಟ್ಟದಿಂದ ಅವನ್ನು ಇಳಿಸಿ, ಬೂಷ್ಟು ಒರೆಸಿ, ವಿದ್ಯಾಗಿರಿಯ ಕಾಲೇಜು ಹುಡುಗರಿಗೆ ಮಾರುತ್ತಿದ್ದ. “ಜರ್ಮನಿದು ಬೇಕಂದ್ರ ಹೊಲ ಮಾರ್ಬೇಕು, ಜಪಾನಿಂದಕ್ಕ ನಾಕು ಸಿನಿಮಾ ಬಿಟ್ರ ಸಾಕು” ಎಂಬುದು ಅವನ ಮಂತ್ರ. ಅಜ್ಜನ ಕಾಲದ್ದೆಂದರೆ ಅಜ್ಜನನ್ನು ನೋಡದವರೇ ಹೆಚ್ಚು ಮರುಳಾಗುತ್ತಾರೆ ಎಂಬುದು ಅವನು ಕಂಡುಕೊಂಡ ಸತ್ಯ.

ಪದ್ಮಶ್ರೀಗೆ ಬೇಕಾಗಿದ್ದ ಸತ್ಯ ಬೇರೆ. ಇಳಕಲ್ಲಿನ ಸಿದ್ದವ್ವಜ್ಜಿಯನ್ನು ಅವಳ ಪೂಜಾಕೋಣೆಯಲ್ಲೇ ಯಾರೋ ಉಸಿರುಗಟ್ಟಿಸಿ ಕೊಂದು, ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆ ಒಯ್ದಿದ್ದರು. ಆ ಬೆಳಿಗ್ಗೆ ಅವಳ ಫೋಟೊ ತೆಗೆಯಲು ಹೋಗಿದ್ದ ಹುನಗುಂದದ ಮುದುಕ ಅಮಾತೆಪ್ಪ ಈಗ ಜೈಲಿನಲ್ಲಿದ್ದ. ನಾಳೆ ಆರೋಪಪಟ್ಟಿ ಕೋರ್ಟಿಗೆ ಹೋಗಬೇಕು. ಹೋಯಿತೆಂದರೆ, ಎಪ್ಪತ್ತು ದಾಟಿದ ಆ ಜೀವ ಹೊರಗಿನ ಬಿಸಿಲು ನೋಡುವುದು ಅಷ್ಟರಲ್ಲೇ ಇತ್ತು.

“ನೆಗೆಟಿವ್ ಯಾಕ್ ಬೇಕ್ರಿ ಮೇಡಂ?” ಮೂಲೆಯ ಸ್ಟೂಲಿನಿಂದ ಶಿವಪ್ರಕಾಶ ಗುಡುಗಿದ. ಸಿದ್ದವ್ವನ ಮೊಮ್ಮಗ, ಫಿರ್ಯಾದಿ, ಪಕ್ಕದ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಪಾಠ ಬಿಟ್ಟು ಬಂದಿದ್ದ, ಸಿಟ್ಟು ಮಾತ್ರ ತಂದಿದ್ದ. “ಫೋಟೊ ಕಣ್ಣಮುಂದ ಐತಿ. ಮುದುಕ ತಗದಾನ, ಈ ವಿಕಾಸನ ಕಡೆ ತೊಳಸ್ಯಾನ. ಇನ್ನೇನ್ ಬೇಕು? ನಮ್ಮಜ್ಜಿ ಮಣ್ಣಾಗ ಹೋದಾಕಿ ಎದ್ದು ಬಂದು ಸಾಕ್ಷಿ ಹೇಳ್ಬೇಕೇನು?”

“ಕುಂದರ್ರಿ ಸರ.”

“ಕುಂತ ಅದೇನಿ. ನೀವೂ ಎಷ್ಟ ದಿನ ಕುಂದರ್ತೀರಿ ಅಂತ ನೋಡಾಕತ್ತೇನಿ.”

ಪದ್ಮಶ್ರೀ ಹಲ್ಲು ಕಚ್ಚಿದಳು. ಬೆಳಿಗ್ಗೆಯಿಂದ ಅವಳನ್ನು ಬೈಯದೆ ಬಿಟ್ಟವರು ಯಾರೂ ಇರಲಿಲ್ಲ. ಮೇಲಿನ ಸಾಹೇಬರು ಬೈದಿದ್ದರು. ಅಮಾತೆಪ್ಪನ ವಕೀಲ ಬೈದಿದ್ದ. ಸಿದ್ದವ್ವನ ಪಕ್ಕದ ಮನೆಯ ಗುಲಾಬಬಿ, ಮಗ್ಗದ ಮುಂದಿನಿಂದ ಎದ್ದವಳೇ ಠಾಣೆಗೆ ಬಂದು ಬೈದಿದ್ದಳು.

“ಮೇಡಮ್ಮಾರ, ಅಮಾತೆಪ್ಪ ಚಾ ಕುಡ್ಯಾಕ ಹೋದಾಗ ಒಳಗಿಂದ ಬಾಗಲಾ ಹಾಕಿದ್ದು ಯಾರಂತ ಒಬ್ಬರರ ಕೇಳೀರೇನು ನನ್ನ? ಮಗ್ಗ ನಿಲ್ಲಿಸಿದ್ದೆ ಆವಾಗ. ಬಳಿ ಸಪ್ಪಳ ಬಂತು. ಯಾವ ಬಳಿ ಅಂದ್ರ...”

“ಬಾದಾಮಿಗಿ ಹೋಗಿ ಬಂದ ಮ್ಯಾಲ ಹೇಳವಾ,” ಎಂದಿದ್ದಳು ಪದ್ಮಶ್ರೀ. ಬಾದಾಮಿಯ ಅಕ್ಕಸಾಲಿಗರ ಅಂಗಡಿಯೊಂದರಲ್ಲಿ ಕರಡಿಗೆ ಸಿಕ್ಕ ಸುದ್ದಿ ಬಂದಿತ್ತು. ಅದನ್ನು ಗುರುತು ಹಿಡಿಯಬೇಕಿತ್ತು. ಗುಲಾಬಬಿಯ ಬಾಯಿ ಎಂಥದ್ದೆಂದರೆ, ಅದರಲ್ಲಿ ಸಾಕ್ಷ್ಯ ಹುಡುಕುವುದು ಸಂತೆಯಲ್ಲಿ ಕಳೆದ ಮೂಗುಬೊಟ್ಟು ಹುಡುಕಿದ ಹಾಗೆ.

ಶಿವಪ್ರಕಾಶನ ಹೆಂಡತಿ ರಾಜಶ್ರೀ ಅಲ್ಲೇ ನಿಂತಿದ್ದವಳು ಕಾರಿನ ಕೀಲಿಕೈ ಎತ್ತಿ ತೋರಿಸಿದ್ದಳು. “ನಾನಾ ಕರ್ಕೊಂಡ ಹೋಗ್ತೇನ್ರಿ ಮೇಡಂ. ಪಾಪ, ಬಸ್ಸಿನ್ಯಾಗ ಯಾಕ? ಬಾರs ಗುಲಾಬಬಿ, ಅಮೀನಗಡದಾಗ ಕರದಂಟು ಕೊಡಸ್ತೇನಿ.” ಠಾಣೆಯಲ್ಲಿ ವಾಹನ ಇರಲಿಲ್ಲ. ಊರಿನಲ್ಲಿ ಒಳ್ಳೆಯವರೂ ಇದ್ದಾರಲ್ಲ ಎಂದು ಪದ್ಮಶ್ರೀಗೆ ಆ ದಿನ ಅನಿಸಿದ್ದು ಅದೊಂದೇ ಸಲ.

“ಅಣ್ಣಾ!”

ಕೌಂಟರಿನ ಆ ತುದಿಯಿಂದ ಕೂಗಿದವಳು ಪ್ರಾಚಿ ಎಂಬ ಕಾಲೇಜು ಹುಡುಗಿ. ಕ್ಯಾಮೆರಾ ಕೊಳ್ಳಲು ಬಂದವಳು ಪೊಲೀಸರನ್ನು ಕಂಡೂ ಹೋಗದೆ, ಆಟ ಮುಗಿಯುವವರೆಗೆ ಏಳದ ಪ್ರೇಕ್ಷಕಿಯ ಹಾಗೆ ನಿಂತಿದ್ದಳು. ಕೊರಳಿಗೆ ಜೋತುಬಿದ್ದ ಪೆಟ್ಟಿಗೆಯನ್ನು ಹೊಟ್ಟೆಗೆ ಆನಿಸಿ, ಮೇಲಿನ ಮುಚ್ಚಳ ತೆಗೆದು ಬಾವಿ ಇಣುಕುವಂತೆ ಒಳಗೆ ಬಗ್ಗಿದ್ದಳು. “ಇದು ಕೆಟ್ಟೈತೇನಣ್ಣಾ? ನಾ ಆಕಡೆ ಹೊಳ್ಳಿದ್ರ ಇದು ಈಕಡೆ ಓಡ್ತೈತಿ!”

ವಿಕಾಸನಿಗೆ ಬದುಕಿದೆಯಾ ಬಡಜೀವವೇ ಎನಿಸಿರಬೇಕು. “ಕೆಟ್ಟಿಲ್ಲವಾ. ಅದರ ಗುಣನs ಹಂಗ. ಮ್ಯಾಲಿನ ಕಣ್ಣು ನೋಡ್ಲಿಕ್ಕೆ, ಕೆಳಗಿನ ಕಣ್ಣು ತಗೀಲಿಕ್ಕೆ. ಮ್ಯಾಲಿಂದು ಕನ್ನಡಿಗೆ ಬಡದು ಗಾಜಿನ ಮ್ಯಾಲ ಬೀಳ್ತದ. ಅದಕ್ಕ ಅಲ್ಲಿ ಎಡ ಬಲ ಆಗ್ತದ, ಬಲ ಎಡ ಆಗ್ತದ. ಫಿಲ್ಮಿನ ಮ್ಯಾಲ ಸರಿನs ಬೀಳ್ತದ. ಹೊಸಬರೆಲ್ಲಾ ಮೊದಲ ತಪ್ಪು ಕಡೆನs ಹೊಳ್ಳಸ್ತಾರ.”

“ಫಿಲ್ಮ್ ತೊಳಸೂದು ಯಾರ ಮಾಡ್ತಾರ?” ಪ್ರಾಚಿ ಮೊಬೈಲನ್ನು ಗಾಜಿನ ಬಾವಿಯ ಮೇಲೆ ಹಿಡಿದು ಚಕ್ಕನೆ ಒತ್ತಿದಳು. “ಹಿಂಗ ಮ್ಯಾಲಿಂದ ಹೊಡದು ಹಾಕಿದ್ರಾತು. ಚೌಕ ಬರ್ತೈತಿ, ಮಸುಕು ಬರ್ತೈತಿ, ಥೇಟ್ ಹಳೇ ಫೋಟೊ. ನಮ್ಮ ಗೆಳತ್ಯಾರೆಲ್ಲಾ ಹಿಂಗs ಮಾಡ್ತಾರ. ಮೇಡಂ, ನಿಮ್ಮದೂ ಬಂತು ನೋಡ್ರಿ. ಸಿಟ್ಟಿನ್ಯಾಗ ಛಲೋ ಬಂದೀರಿ!”

ವಿಕಾಸನ ನಗು ಅಂಗಡಿ ಮುಚ್ಚಿತು.

ಪದ್ಮಶ್ರೀ ನೋಡಿದ್ದು ಮೊದಲು ಆ ನಗುವನ್ನು, ಆಮೇಲೆ ಹುಡುಗಿಯ ಮೊಬೈಲನ್ನು. ಚೌಕದೊಳಗೆ ಅವಳೇ ಇದ್ದಳು, ಲಾಠಿಯ ಪಕ್ಕ, ಹುಬ್ಬು ಗಂಟಿಕ್ಕಿ. ಆದರೆ ಬಲಗಡೆಯ ಜೇಬಿನ ಮೇಲಿರಬೇಕಾದ ಅವಳ ಹೆಸರಿನ ಪಟ್ಟಿ ಎಡಗಡೆ ಇತ್ತು. ಅಕ್ಷರಗಳು ಬೆನ್ನು ತಿರುಗಿಸಿ ನಿಂತಿದ್ದವು.

ಅವಳು ತನ್ನ ಚೀಲದಿಂದ ಆ ಫೋಟೊ ತೆಗೆದಳು.

ಅಮಾತೆಪ್ಪನನ್ನು ಜೈಲಿಗೆ ಕಳಿಸಿದ ಫೋಟೊ. ಚೌಕ, ಮಸುಕು, ಥೇಟ್ ಹಳೆಯದು. ಸಿದ್ದವ್ವಜ್ಜಿ ಮಣೆಯ ಮೇಲೆ ಗೋಡೆಗೆ ಆನಿಕೊಂಡು ಕೂತಿದ್ದಾಳೆ. ಹಣೆತುಂಬ ವಿಭೂತಿ. ಎಡ ಅಂಗೈಯಲ್ಲಿ ಇಷ್ಟಲಿಂಗ, ಅದರ ಮೇಲೆ ಅರೆಮುಚ್ಚಿದ ಕಣ್ಣು. ಪಕ್ಕದಲ್ಲಿ ಬೆಳ್ಳಿಯ ಕರಡಿಗೆ. ಅಜ್ಜಿಯ ಎಡಕ್ಕೆ ಕಿಟಕಿ, ಅದರಿಂದ ಬೀಳುವ ಬಿಸಿಲು.

ಅಜ್ಜಿಯ ಎಡಕ್ಕೆ.

ಪದ್ಮಶ್ರೀ ಆ ಕೋಣೆಯಲ್ಲಿ ನಿಂತಿದ್ದಳು, ಕೂತಿದ್ದಳು, ಮಂಡಿಯೂರಿ ನೆಲ ಹುಡುಕಿದ್ದಳು. ಆ ಕೋಣೆಗೆ ಇರುವುದು ಒಂದೇ ಕಿಟಕಿ. ಅದು ಮಣೆಯ ಮೇಲೆ ಕೂತವರ ಬಲಕ್ಕೆ. ಇಷ್ಟು ದಿನ ಈ ಫೋಟೊದಲ್ಲಿ ಎಲ್ಲರೂ ನೋಡಿದ್ದು ಕರಡಿಗೆಯನ್ನು. ಬೆಳ್ಳಿ ಇರುವಲ್ಲಿ ಕಿಟಕಿ ಯಾರಿಗೆ ಬೇಕು?

ಲಾಕಪ್ಪಿನಲ್ಲಿ ಅಮಾತೆಪ್ಪ ಹೇಳಿದ್ದು ಅವಳಿಗೆ ಈಗ ಕಿವಿಯಲ್ಲಿ ಕಾದ ಸೀಸ ಹೊಯ್ದಂತೆ ನೆನಪಾಯಿತು. “ಸತ್ತ ಮ್ಯಾಲ ಗ್ವಾಡಿಗಿ ಆನಿಸಿ ಕುಂದರ್ಸಿ ಎಲ್ಲಾರೂ ಫೋಟೊ ತಗಸ್ತಾರ, ನಾ ಜೀವಂತ ನೆಟ್ಟಗ ಕುಂತದ್ದೊಂದು ಇರ್ಲಿ ಅಂದ್ರುರಿ ಸಿದ್ದವ್ವಕ್ಕಾರು. ಕ್ಯಾಮೆರಾ ಸ್ಟ್ಯಾಂಡಿಗಿ ಹಾಕಿ, ಎಲ್ಲಾ ಜೋಡಿಸಿ ಇಟ್ಟೆ. ಕಿಡಕ್ಯಾಗ ಬಿಸಲು ಇನ್ನೂ ಬಂದಿರ್ಲಿಲ್ಲ. ಬರೂತನಾ ಒಂದು ಚಾ ಕುಡದು ಬರೋಣಂತ ಹೋದೆ. ಹೊಳ್ಳಿ ಬಂದ್ರ ಬಾಗಲಾ ಹಾಕಿತ್ತು, ಕ್ಯಾಮೆರಾ ಕಟ್ಟಿ ಮ್ಯಾಲಿತ್ತು. ಅಕ್ಕಾರ ಸಿಟ್ಟು ಊರಿಗೇ ಗೊತ್ತು. ತಡಾ ಆತಂತ ಹೊರಗ ಹಾಕ್ಯಾರ ಅಂತ ತಿಳದು ಊರಿಗಿ ಹೋದೆ. ನಾ ಬಟನ್ ಒತ್ತೇ ಇಲ್ರಿ ಯವ್ವಾ.”

ಆಗ ಅವಳು ಈ ಫೋಟೊವನ್ನು ಅವನ ಮೂಗಿಗೆ ಹಿಡಿದಿದ್ದಳು. ಅವನು ನೋಡಿ, ಬಹಳ ಹೊತ್ತು ನೋಡಿ, “ಇದು ನನ್ನ ಕ್ಯಾಮೆರಾದಾಗಿಂದು ಖರೆ. ಆದ್ರ ಇದು ತಗದದ್ದಲ್ಲ, ಬರೇ ನೋಡಿದ್ದು” ಎಂದಿದ್ದ. ಠಾಣೆಯಲ್ಲಿ ಎಲ್ಲರೂ ನಕ್ಕಿದ್ದರು. ಅವಳೂ.

“ವಿಕಾಸ,” ಎಂದಳು ಪದ್ಮಶ್ರೀ. ದನಿ ತಗ್ಗಿತ್ತು. ಅವಳ ಕೈಕೆಳಗಿನ ಪೇದೆಗಳಿಗೆ ಗೊತ್ತು, ಅವಳು ಕೂಗುತ್ತಿರುವವರೆಗೆ ಭಯವಿಲ್ಲ. “ಇದು ಫಿಲ್ಮ್ ಅಲ್ಲ. ಯಾರೋ ಆ ಕ್ಯಾಮೆರಾದ ಗಾಜಿನ ಮ್ಯಾಲ ಮೊಬೈಲ್ ಹಿಡದು ಹೊಡದದ್ದು. ನೀ ತೊಳದೂ ಇಲ್ಲ, ಒಣಗಿಸೂ ಇಲ್ಲ. ನಿನ್ನ ಇಲಿಗಿ ತಿನ್ನಾಕ ನೆಗೆಟಿವ್ವs ಇರ್ಲಿಲ್ಲ. ಹೌದಲ್ಲೋ?”

“ಮೇಡಂ, ನಾ ಏನು ಹೇಳ್ತೇನಂದ್ರ...”

“ಹೌದೋ ಅಲ್ಲೋ!”

ಈ ಸಲ ಲಾಠಿ ನಿಜವಾಗಿ ಎದ್ದು ಬಿತ್ತು. ಗಾಜು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಿರಿಯಿತು. ಪ್ರಾಚಿ ಕ್ಯಾಮೆರಾವನ್ನು ಮಗುವಿನಂತೆ ಅವಚಿಕೊಂಡಳು.

“ಹೌದು,” ಎಂದ ವಿಕಾಸ. “ನನಗ ವಾಟ್ಸಾಪಿನ್ಯಾಗ ಬಂದದ್ದು ಅದು. ದೊಡ್ಡದು ಮಾಡಿ ಕೊಡ್ರಿ ಅಂತ. ಛಲೋ ಕಾಣ್ತು, ಅಂಗಡಿ ಪೇಜಿನ ಮ್ಯಾಲ ಹಾಕಿದೆ. ‘ನಮ್ಮಲ್ಲಿ ರಿಪೇರಿ ಆದ ಕ್ಯಾಮೆರಾದಿಂದ, ಅಸಲಿ ಫಿಲ್ಮಿನ ಮ್ಯಾಲ’ ಅಂತ ಬರದೆ. ಆಮ್ಯಾಲೆ ನಿಮ್ಮವರು ಬಂದು ಕೇಳಿದ್ರು. ಫಿಲ್ಮ್ ಅಲ್ಲ ಅಂದ್ರ ಗಿರಾಕಿ ಏನಂತಾರ?”

“ಗಿರಾಕಿ.”

“ಮೇಡಂ, ಧಂದೇದಾಗ ವಿಶ್ವಾಸ ಮುಖ್ಯ.”

ಶಿವಪ್ರಕಾಶ ಸ್ಟೂಲು ಒದ್ದು ಎದ್ದ. “ಲೇ ಭಾಡ್ಯಾ! ನಿನ್ನ ಜಾಹಿರಾತಿನ ಸಲುವಾಗಿ ಮುದುಕನ್ನ ಜೈಲಿಗಿ ಹಾಕ್ಸಿದೇನಲೇ?”

ಪದ್ಮಶ್ರೀ ಅವನನ್ನು ಒಂದು ಕೈಯಲ್ಲಿ ತಡೆದಳು. ಅವಳ ಕಣ್ಣು ಇನ್ನೂ ಫೋಟೊದ ಮೇಲಿತ್ತು. ಸಿಟ್ಟಿನ ಕೆಳಗೆ ಇನ್ನೇನೋ ತಣ್ಣಗೆ ಹರಿಯತೊಡಗಿತ್ತು. ಕಿಟಕಿ ಅದಲುಬದಲಾಗಿದೆ. ಸರಿ. ಕಿಟಕಿಯೊಂದೇ ಅದಲುಬದಲಾಗುವುದಿಲ್ಲ.

“ನೀ ಇದನ್ನ ಸೀದಾ ಮಾಡಿ ಯಾಕ ಹಾಕ್ಲಿಲ್ಲ?” ಎಂದು ಕೇಳಿದಳು. “ಎಡ ಬಲ ಆಗೈತಿ ಅಂತ ನಿನಗ ನೋಡಿದ ಕೂಡ್ಲೆ ಗೊತ್ತಾಗಿರ್ಬೇಕು.”

ವಿಕಾಸ ತುಟಿ ಒರೆಸಿಕೊಂಡ. “ಮಾಡಿದ್ದೆ. ಹೊಳ್ಳಿಸಿದೆ. ಹೊಳ್ಳಿಸಿದ್ರ ಲಿಂಗ ಬಲಗೈಯಾಗ ಬಂತು. ನಾವು ಲಿಂಗ ಕಟ್ಟೋರಲ್ಲ ಖರೆ, ಆದ್ರ ಓಣ್ಯಾಗ ಹುಟ್ಟಿ ಬೆಳದಂವಗ ಅಷ್ಟು ಗೊತ್ತಾಗ್ತದ. ಬಲಗೈಯಾಗ ಲಿಂಗ ಹಿಡದ ಫೋಟೊ ಹಾಕಿದ್ರ ಮಂದಿ ಛೀ ಥೂ ಅಂತಾರ. ಅದಕ್ಕ ಮೊದಲು ಹೆಂಗಿತ್ತೋ ಹಂಗs ಬಿಟ್ಟೆ.”



ಇಷ್ಟಲಿಂಗ ಎಡ ಅಂಗೈಯಲ್ಲಿ. ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ನಡೆಯಲು ಕಲಿಯುವ ಮೊದಲೇ ಮಕ್ಕಳು ಅಜ್ಜಿಯರ ತೊಡೆಯ ಮೇಲೆ ಕೂತು ನೋಡುವುದು ಅದನ್ನೇ. ಪದ್ಮಶ್ರೀಯ ಅವ್ವ ಎಡಗೈ ಮುರಿದು ಪಟ್ಟಿ ಕಟ್ಟಿಸಿಕೊಂಡಾಗಲೂ ಲಿಂಗವನ್ನು ಬಲಗೈಗೆ ತಂದಿರಲಿಲ್ಲ, ಪಟ್ಟಿಯ ಮೇಲೆಯೇ ಇಟ್ಟುಕೊಂಡಿದ್ದಳು. ಸಿದ್ದವ್ವ ಹುಟ್ಟಿದಾಗಿನಿಂದ ಲಿಂಗ ಕಟ್ಟಿಕೊಂಡವಳು. ಅವಳು ಬಲಗೈಯಲ್ಲಿ ಹಿಡಿಯುವುದೆಂದರೆ ಹೊಳೆ ಗುಡ್ಡ ಹತ್ತಿದಂತೆ.

“ಅಜ್ಜಿ ಹಿಡದಿಲ್ಲ,” ಎಂದಳು ಪದ್ಮಶ್ರೀ, ಯಾರಿಗೂ ಅಲ್ಲ. “ಹಿಡಿಸ್ಯಾರ. ಫೋಟೊ ತಗಿಯೋವಾಗ ಆಕಿ ಸತ್ತಿದ್ಲು.”



ಜೀವಂತ ನೆಟ್ಟಗೆ ಕೂತ ಫೋಟೊ ಬೇಕೆಂದಿದ್ದಳು ಮುದುಕಿ. ಸತ್ತ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದೇ ಸಿಕ್ಕಿತು. ಕೊಂದವರು ಅವಳನ್ನು ಕೂರಿಸಿದರು, ಲಿಂಗವನ್ನು ಕೈಗಿಟ್ಟರು, ಸರಿಯಾಗಿ ಎಡಗೈಗೇ ಇಟ್ಟರು. ಬಂದು ಅಮಾತೆಪ್ಪನ ಕ್ಯಾಮೆರಾದೊಳಗೆ ಬಗ್ಗಿ ನೋಡಿದರೆ ಗಾಜಿನಲ್ಲಿ ಬಲಗೈ! ಅಯ್ಯೋ ತಪ್ಪಿತಲ್ಲ ಎಂದು ಹೋಗಿ ಇನ್ನೊಂದು ಕೈಗೆ ಬದಲಿಸಿದರು. ಗಾಜಿನಲ್ಲಿ ಈಗ ಎಲ್ಲ ಸರಿ. ಮೊಬೈಲ್ ಹಿಡಿದು ಒತ್ತಿದರು. ಅಮಾತೆಪ್ಪ ಬಂದಾಗ ಅಜ್ಜಿ ಜೀವಂತ ಪೂಜೆಗೆ ಕೂತಿದ್ದಳೆಂಬುದಕ್ಕೆ ಅದು ಸಾಕ್ಷಿ.

ಕ್ಯಾಮೆರಾ ಬಲ್ಲವನು ಈ ತಪ್ಪು ಮಾಡುವುದಿಲ್ಲ. ಲಿಂಗ ಅರಿಯದವನಿಗೆ ಈ ತಪ್ಪು ಮಾಡಲು ಬರುವುದೇ ಇಲ್ಲ. ಅಮಾತೆಪ್ಪ ಜೀವಮಾನವಿಡೀ ಆ ಪೆಟ್ಟಿಗೆಯೊಳಗೆ ಇಣುಕಿದವನು. ವಿಕಾಸ ದಿನಾ ಅದರಲ್ಲೇ ಬದುಕುವವನು. ಅವರಿಬ್ಬರೂ ಅಲ್ಲ. ಕೊಂದವರು ದಿನಾ ಲಿಂಗಪೂಜೆ ಕಂಡ ಮನೆಯವರು, ಆ ಪೆಟ್ಟಿಗೆಯೊಳಗೆ ಮೊದಲ ಸಲ ಬಗ್ಗಿದವರು.

“ಯಾರ ನಂಬರಿನಿಂದ ಬಂತು?”

ವಿಕಾಸ ಮೊಬೈಲ್ ತೆಗೆದ. ತೆಗೆದು, ಪದ್ಮಶ್ರೀಯನ್ನು ಬಿಟ್ಟು ಶಿವಪ್ರಕಾಶನನ್ನು ನೋಡಿದ. “ನಿಮ್ಮದs ಅಲ್ರೀ ಸರ್?”

‘ಅಜ್ಜಿಯ ಕೊನೆಯ ಫೋಟೊ. ಅಮಾತೆಪ್ಪ ತೆಗೆದದ್ದು. ದೊಡ್ಡದು ಮಾಡಿ ಕೊಡಿ’ ಎಂದಿತ್ತು. ಬಂದದ್ದು ಕೊಲೆಯಾದ ದಿನವೇ, ಮಧ್ಯಾಹ್ನ. ಅಜ್ಜಿ ಸತ್ತಿದ್ದಾಳೆಂದು ಊರಿಗೆ ಗೊತ್ತಾದದ್ದು ಇಳಿಹೊತ್ತಿಗೆ. ಕೊನೆಯದೆಂದು ಮಧ್ಯಾಹ್ನವೇ ಯಾರಿಗೆ ಗೊತ್ತಿತ್ತು?

ಪದ್ಮಶ್ರೀ ತಿರುಗಿದಳು. ದಿನವೆಲ್ಲ ತನ್ನನ್ನು ಬೈದ ಈ ಬಾಯಿ. ನಾಳೆ ಹಾಕ್ರಿ, ಇವತ್ತ ಹಾಕ್ರಿ ಎಂದು ಕುತ್ತಿಗೆಗೆ ಕೂತ ಈ ಫಿರ್ಯಾದಿ. ಕೈ ಎತ್ತದಿರಲು ಅವಳು ತನ್ನ ಬೆಲ್ಟನ್ನು ಹಿಡಿದುಕೊಂಡಳು.

“ಪ್ರಾಚಿ, ಆ ಕ್ಯಾಮೆರಾ ಸರಗ ಕೊಡು. ಬಾಗಲದಾಗ ಹೋಗಿ ನಿಂದರು. ಸರ, ಈ ಹುಡುಗಿನ್ನ ನಟ್ಟನಡುವ ತಗೋರಿ.”

“ಏನ್ರಿ ಇದು, ಚಾಷ್ಟಿ?”

“ತಗೋರಿ ಅಂದೆ!”

ಶಿವಪ್ರಕಾಶ ಪೆಟ್ಟಿಗೆ ತೆಗೆದುಕೊಂಡ. ಮುಚ್ಚಳವನ್ನು ಹೆಬ್ಬೆರಳಿನಿಂದ ಮೀಟಿದ. ಪ್ರಾಚಿ ಚೌಕದ ಅಂಚಿನಲ್ಲಿದ್ದಳು. ಅವನು ತಡವರಿಸಲಿಲ್ಲ. ಯಾವ ಕಡೆಗೆ ತಿರುಗಬೇಕೋ ಆ ಕಡೆಗೇ ಸಲೀಸಾಗಿ ತಿರುಗಿ, ಉಸಿರು ಹಿಡಿದು ನಿಂತ. ಪದ್ಮಶ್ರೀ ಅವನ ಭುಜದ ಮೇಲಿಂದ ಇಣುಕಿದಳು. ಹುಡುಗಿ ನಟ್ಟನಡುವೆ ನಿಂತಿದ್ದಳು, ತೂಗಿ ಇಟ್ಟ ಹಾಗೆ.

ವಿಕಾಸ ಕೂಡ ಬೆರಗಾದ. “ಸರ್, ಕೈ ಪಳಗ್ಯಾದಲ್ಲ!”

“ಪಳಗದ ಏನು?” ಶಿವಪ್ರಕಾಶ ಪೆಟ್ಟಿಗೆಯ ಮುಚ್ಚಳ ಮುಚ್ಚಿದ. “ಸಾಲಿ ಸೂಟಿ ಬಿಟ್ಟಾಗೆಲ್ಲಾ ಅಮಾತೆಪ್ಪಕಾಕಾನ ಸ್ಟುಡಿಯೋದಾಗ ಇರ್ತಿದ್ದೆ. ಆಂವನs ಕಲಿಸಿದ್ದು. ಅದಕ್ಕs ಆಂವನ ಮ್ಯಾಲ ನನಗ ಇಷ್ಟು ಸಿಟ್ಟು. ಬ್ಯಾರೆಯವರು ಕೊಂದಿದ್ರ ಇಷ್ಟು ಉರೀತಿದ್ದಿಲ್ಲ.” ಅವನು ವಿಕಾಸನ ಮೊಬೈಲ್ ನೋಡಿದ. “ನಾ ಕಳಿಸಿಲ್ಲ. ಆ ದಿನ ನನ್ನ ಫೋನ್ ನನ್ನ ಕಡೆ ಎಲ್ಲಿತ್ರಿ? ಇಳಕಲ್ಲಾಗ ಮನ್ಯಾಗs ಮರತು ಬಂದಿದ್ದೆ. ನೀವs ಕಾಲೇಜಿಗಿ ಪೇದೆ ಕಳಿಸಿ ನನ್ನ ಕರಸೀರಿ.”

ಹೌದು. ಅವಳೇ ಕಳಿಸಿದ್ದಳು. ಫೋನಿಗೆ ಯಾರೂ ಓಗೊಡದಿದ್ದಾಗ.

“ಮನ್ಯಾಗ ಯಾರಿದ್ರು?”

“ಅಜ್ಜಿ ಬಿಟ್ರ ಯಾರಿಲ್ಲ. ರಾಜಶ್ರೀ ಮುಂಜಾನೆ ಹುನಗುಂದಕ್ಕ ತವರಮನಿಗಿ ಹೋದಾಕಿ...” ಅವನು ವಿಕಾಸನ ಮೊಬೈಲನ್ನು ಇನ್ನೊಮ್ಮೆ ನೋಡಿದ. “ಹೋಗಿದ್ಲು ಅಂತ ಆಕೀನs ಹೇಳಿದ್ದು.”

ಬಳಿ ಸಪ್ಪಳ ಬಂತು. ಯಾವ ಬಳಿ ಅಂದ್ರ...

ಗುಲಾಬಬಿಯನ್ನು ಆ ಕಾರು ಹತ್ತಿಸಿದ್ದು ತಾನೇ. ಪದ್ಮಶ್ರೀ ರಾಜಶ್ರೀಗೆ ಫೋನ್ ಹಚ್ಚಿದಳು.

“ಹೇಳ್ರಿ ಮೇಡಂ!” ರಾಜಶ್ರೀಯ ದನಿ ಹಬ್ಬದ ಮನೆಯಿಂದ ಬಂದಂತಿತ್ತು. “ನಾನಾ ಹಚ್ಚಾಕಿ ಇದ್ದೆ. ಅಂಗಡ್ಯಾಗ ಇದ್ದದ್ದು ನಮ್ಮ ಕರಡಿಗಿ ಅಲ್ರಿ. ನಮ್ಮದು ಎಲ್ಲಿ ಸಿಕ್ತು ಹೇಳ್ರಿ ನೋಡೋಣ? ಗುಲಾಬಬಿ ಚೀಲದಾಗ! ಬಗಲಾಗs ಇತ್ತು ನೋಡ್ರಿ ಕಳವಿನ ಮಾಲು.”

“ಗುಲಾಬಬಿಗಿ ಫೋನ್ ಕೊಡವಾ.”

“ಮಾತಾಡಿ ಮಾತಾಡಿ ದಣದಾಳ್ರಿ. ಕರದಂಟು ತಿಂದ್ಲು, ಅಗಸ್ತ್ಯತೀರ್ಥ ಕೆರಿ ದಂಡಿಮ್ಯಾಲ ಮಂಟಪದಾಗ ಕುಂತಾಳ. ಸುಮ್ಮನ ಕುಂತಾಳ. ತಡೀರಿ, ಫೋಟೊ ಕಳಸ್ತೇನಿ. ನಿಮಗ ಸಾಕ್ಷಿ ಬೇಕಲ್ಲ?”

ಫೋನ್ ಕಟ್ಟಾಯಿತು. ಶಿವಪ್ರಕಾಶ ಅವಳ ಪಕ್ಕಕ್ಕೆ ಬಂದು ನಿಂತ. ಪರದೆ ಬೆಳಗಿತು.

ಕೆಂಪುಕಲ್ಲಿನ ಕಂಬಕ್ಕೆ ಬೆನ್ನು ಆನಿಸಿ ಗುಲಾಬಬಿ ಕೂತಿದ್ದಳು. ಜಾರಿ ಬೀಳದ ಹಾಗೆ ಸೆರಗನ್ನು ಎದೆಯ ಮೇಲಿಂದ ಎಳೆದು ಕಂಬಕ್ಕೆ ಬಿಗಿಯಲಾಗಿತ್ತು. ಕಣ್ಣು ಅರೆಮುಚ್ಚಿತ್ತು. ತೊಡೆಯ ಮೇಲೆ ಎಡಗೈ, ಬಿಚ್ಚಿದ ಎಡ ಅಂಗೈ, ಅದರ ಮೇಲೆ ಸಿದ್ದವ್ವನ ಬೆಳ್ಳಿಯ ಕರಡಿಗೆ. ಈ ಸಲ ಎಡ ಎಡವೇ ಇತ್ತು, ಬಲ ಬಲವೇ.

ಗುಲಾಬಬಿಯ ಬಾಯಿ ಮುಚ್ಚಿದ್ದನ್ನು ಪದ್ಮಶ್ರೀ ಈವರೆಗೆ ಒಮ್ಮೆಯೂ ನೋಡಿರಲಿಲ್ಲ.